ಕಮಾನ್ ಪಟ್ಟಿಯಿಂದ ದರ್ಜಿ ಕತ್ತರಿ: ನನ್ನ ಅನುಭವ

ಮೊನ್ನೆ ನಮ್ಮ ದಾವಣಗೆರೆ ಚೌಕಿಪೇಟೆಯ ದರ್ಜಿಯೊಬ್ಬರು ನಾನು ಮಾಡಿಕೊಟ್ಟ ಹತ್ತಿಂಚಿನ ಕತ್ತರಿಯನ್ನು ಸಾಣೆಗೆ ತಂದಿದ್ದರು. ತಗೊಂಡು ಹೋಗಿ ಹದಿಮೂರೋ ಹದಿನಾಲ್ಕೋ ತಿಂಗಳಾಗಿತ್ತು, ಸಾಣೆಗೆ ಬಂದದ್ದು ಇದು ಎರಡನೇ ಸಲ. ‘ನಾನ್ ಅವತ್ತು ನಕ್ಕಿದ್ದು ಮರ್ತ್ ಬಿಡಪ’ ಅಂದರು. ಹೇಗೆ ಮರೀತೀನಿ? ಅವತ್ತು ಅವರು ನನ್ನ ಮೊದಲನೇ ಜೋಡಿಯನ್ನು ಟೇಬಲ್ ಮೇಲಿಟ್ಟು, ‘ಇದ್ರಾಗೆ ಬಟ್ಟೆ ಕತ್ತರಿಸಕ್ಕಾಗಲ್ಲ, ಬಟ್ಟೆ ಹಾರದಂಗೆ ಮ್ಯಾಲೆ ಇಡಬೌದು ನೋಡು’ ಅಂದಿದ್ದರು.

ನಮ್ಮದು ಕುಳ, ಕುಡುಗೋಲು, ಕೊಡಲಿ ಬಡಿಯುವ ಕುಲುಮೆ. ಕತ್ತರಿ ಅಂದರೆ ಉತ್ತರ ಪ್ರದೇಶದ ಮೀರತ್, ಅದು ನಮ್ಮ ಕೈಗೆ ದಕ್ಕಲ್ಲ ಅಂತ ಅಪ್ಪನಿಂದ ಹಿಡಿದು ಗುಜರಿ ಅಂಗಡಿಯವನ ತನಕ ಎಲ್ಲರೂ ಹೇಳಿದವರೇ. ಮೀರತ್‌ನವರು ಮುನ್ನೂರು ಚಿಲ್ಲರೆ ವರ್ಷದಿಂದ ಮಾಡ್ತಿದ್ದಾರೆ, 2013ರಲ್ಲಿ ಜಿಐ ಮುದ್ರೆಯೂ (ಇದು ಆ ಊರಿನದೇ ಮಾಲು ಅನ್ನೋ ಸರ್ಕಾರಿ ಗುರುತು) ಸಿಕ್ಕಿದೆ, ಎಲ್ಲ ಸರಿ. ಆದರೆ ಅವರು ಅಲಗು ತೆಗೆಯೋದು ಯಾವುದರಿಂದ? ಲಾರಿ, ಬಸ್ಸು, ರೈಲಿನ ಗುಜರಿಯಿಂದ. ಹಿಡಿಗೆ ಹಳೇ ಪಾತ್ರೆ ಕರಗಿಸಿದ ಲೋಹ. ಹೈವೇ ಮೇಲಿರೋ ದಾವಣಗೆರೆಯಲ್ಲಿ ಗುಜರಿಗೇನು ಬರ? ಲಾರಿ ಗ್ಯಾರೇಜುಗಳ ಹಿಂದೆ ಮುರಿದ ಕಮಾನ್ ಪಟ್ಟಿ, ಅಂದರೆ ಗಾಡಿಯ ಭಾರ ಹೊರೋ ಸ್ಪ್ರಿಂಗಿನ ಉಕ್ಕಿನ ಪಟ್ಟಿ, ರಾಶಿ ಬಿದ್ದಿರುತ್ತೆ, ಕೆಜಿಗೆ ನಲವತ್ತೈದು ಐವತ್ತು ರೂಪಾಯಿ. ಲಾರಿ ಪಟ್ಟಿ ದಪ್ಪ, ಬಡಿದು ಬಡಿದು ತೋಳು ಬೀಳುತ್ತೆ. ಜೀಪಿನದು ತಗೊಳ್ಳಿ, ಆರೇಳು ಮಿಲಿಮೀಟರ್, ಅರ್ಧ ಕೆಲಸ ಮುಗಿದಂಗೆ.

ಮೊದಲ ಆರು ಜೋಡಿ ಹಾಳಾಗಿದ್ದು ಒಂದೇ ಕಾರಣಕ್ಕೆ, ಅದು ಗೊತ್ತಾಗೋಕೆ ನನಗೆ ನಾಲ್ಕು ತಿಂಗಳು ಬೇಕಾಯ್ತು. ಕೊಡಲಿ ಬಡಿಯೋನ ಬುದ್ಧಿ ಹರಿತದ ಮೇಲೇ ಇರುತ್ತೆ. ಎರಡೂ ಅಲಗನ್ನು ಗಾಜಿನಂಗೆ ನೇರ ಮಾಡಿ, ಕೈಮೇಲಿನ ಕೂದಲು ಬೋಳಿಸೋ ಹಂಗೆ ಮಸೆದಿದ್ದೆ. ಬಟ್ಟೆ ಇಟ್ಟರೆ ಎರಡಲಗಿನ ನಡುವೆ ಮಡಚಿಕೊಂಡು ಕೂತುಬಿಡೋದು. ಸ್ಕ್ರೂ ಬಿಗಿ ಮಾಡಿದರೆ ಬಾಯಿ ತೆರೆಯೋಕೇ ಎರಡು ಕೈ ಬೇಕು.

ಒಂದು ರಾತ್ರಿ ಕರೆಂಟ್ ಹೋಗಿತ್ತು. ದರ್ಜಿಯ ಹಳೇ ಮೀರತ್ ಕತ್ತರಿಯ ಬಾಯಿ ಮುಚ್ಚಿ, ಮೊಬೈಲ್ ಟಾರ್ಚಿನ ಎದುರು ಅಡ್ಡ ಹಿಡಿದೆ. ಎರಡಲಗಿನ ನಡುವೆ ಬೆಳಕು! ತುದಿಯಲ್ಲಿ ಮುಟ್ಟಿದೆ, ಸ್ಕ್ರೂ ಹತ್ತಿರ ಮುಟ್ಟಿದೆ, ನಡುವೆ ಸಣ್ಣ ಭತ್ತದ ಕಾಳಿನಾಕಾರದ ಸಂದು. ಅಲಗುಗಳು ಒಂದಕ್ಕೊಂದು ಬಾಗಿವೆ, ಒಳಮೈ ತೆಳ್ಳಗೆ ಗುಳಿ ಬಿದ್ದಿದೆ. ಬಾಯಿ ಮುಚ್ಚುತ್ತಾ ಹೋದಂಗೆ ಮುಟ್ಟೋ ಜಾಗ ಒಂದೇ ಒಂದು ಚುಕ್ಕೆ, ಅದು ಬುಡದಿಂದ ತುದಿಗೆ ಓಡುತ್ತೆ. ಕತ್ತರಿಸೋದು ಆ ಚುಕ್ಕೆ. ಹರಿತ ಆಮೇಲಿನ ಮಾತು. ಈಗ ನಾನು ಬಾಯಿ ಮಸೆಯೋದು ಸುಮಾರು ಅರವತ್ತೈದು ಡಿಗ್ರಿಗೆ. ಕೂದಲು ಬೋಳಿಸಲ್ಲ, ಆದರೆ ನಾಲ್ಕು ಪದರ ಟೆರಿಕಾಟ್ ಸರಾಗ ಹೋಗುತ್ತೆ.

ಗೊತ್ತಾದ ಮೇಲೂ ಮೂರು ಜೋಡಿ ಹೋದವು. ಬಗ್ಗಿಸಿ ಹದ ಹಾಕಿದರೆ, ಅಂದರೆ ಕೆಂಪಗೆ ಕಾಯಿಸಿ ಅದ್ದಿ ಗಟ್ಟಿ ಮಾಡಿದರೆ, ಎಣ್ಣೆಯಲ್ಲಿ ಅಲಗು ತನ್ನಿಷ್ಟಕ್ಕೆ ತಿರುಚಿಕೊಳ್ಳೋದು. ಹದ ಹಾಕಿ ಬಗ್ಗಿಸಿದರೆ ಟಣ್ ಅಂತ ಎರಡು ತುಂಡು. ಒಂದು ತುಂಡು ಹಾರಿ ಗೋಡೆ ಮೇಲಿನ ಕ್ಯಾಲೆಂಡರ್ ಹರಿದಿತ್ತು. ನಡುವೆ ಒಂದನ್ನು ಹಳೇ ಚಾಳಿಯಂತೆ ನೀರಿಗೆ ಅದ್ದಿದೆ, ಉದ್ದಕ್ಕೆ ಸೀಳಿತು. ಈ ಪಟ್ಟಿಗೆ ಎಣ್ಣೆಯೇ ಆಗಬೇಕು. ಆಯಸ್ಕಾಂತ ಹಿಡಿಯೋದು ಬಿಟ್ಟ ಮೇಲೆ ಇನ್ನೊಂದಿಷ್ಟು ಕೆಂಪೇರಿಸಿ ಅದ್ದಬೇಕು, ಆಮೇಲೆ ಒಣಹುಲ್ಲಿನ ಬಣ್ಣ ಬರೋ ತನಕ ಕಾಯಿಸಬೇಕು. ಬಗ್ಗಿಸೋದು ಈ ಎರಡನೇ ಬಿಸಿಯಲ್ಲೇ. ಯಾವುದರ ಮೇಲಿಟ್ಟು, ಎಷ್ಟು ಹೊತ್ತು ಅಂತ ಕೇಳಬೇಡಿ. ನನ್ನ ಹೊಟ್ಟೆಪಾಡು ಅಲ್ಲಿದೆ. ಎಣ್ಣೆಗೆ ಏನು ಬೆರೆಸ್ತೀನಿ ಅನ್ನೋದನ್ನೂ ಮಗನಿಗೇ ಇನ್ನೂ ಹೇಳಿಲ್ಲ.

ಹೇಳಬಹುದಾದ್ದು ಎರಡಿವೆ. ಹಳೇ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕಿರುತ್ತೆ. ಉಜ್ಜಿ ಹೊಳಪು ಕೊಟ್ಟ ಮೇಲೆ ಬಿರುಕು ಕಂಡು ಎದೆ ಒಡೆದದ್ದು ಎಷ್ಟು ಸಲವೋ. ಈಗ ತುಂಡು ಮಾಡಿದ ಕೂಡಲೇ ರಾತ್ರಿಯೆಲ್ಲ ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಸುಣ್ಣ ಬಳೀತೀನಿ. ಒಣಗಿದ ಬಿಳಿ ಸುಣ್ಣದ ಮೇಲೆ ಬಿರುಕಿದ್ದ ಕಡೆ ಎಣ್ಣೆಯ ಗೆರೆ ಮೂಡುತ್ತೆ. ಹತ್ತರಲ್ಲಿ ಎರಡಾದರೂ ಹಂಗೇ ಗುಜರಿಗೆ ವಾಪಸ್. ಎರಡನೇದು, ಬಡಿದಾದ ಮೇಲೆ ಕಬ್ಬಿಣ ಮೆತ್ತಗಾಗೋಕೆ ರೈಸ್ ಮಿಲ್ಲಿನ ಹೊಟ್ಟಿನ ಬೂದಿ. ಕೆಂಪಗಿದ್ದಾಗಲೇ ಡ್ರಮ್ಮಿನ ಬೂದಿಯಲ್ಲಿ ಹೂತಿಟ್ಟರೆ ಬೆಳಗ್ಗೆ ತೆಗೆದಾಗಲೂ ಕೈ ಸುಡುತ್ತೆ, ಅಷ್ಟು ನಿಧಾನ ಆರುತ್ತೆ. ಆಮೇಲೆ ಉಜ್ಜೋ ಅರ ಬೆಣ್ಣೆಯಲ್ಲಿ ಹೋದಂಗೆ ಹೋಗುತ್ತೆ. ಬೂದಿ ಪುಕ್ಕಟೆ, ಆಟೋ ಬಾಡಿಗೆ ನೂರೈವತ್ತು.

ಬೆರಳು ತೂರಿಸೋ ಹಿಡಿಯ ಬಳೆ ಮೊದಲು ಇಂಗ್ಲೆಂಡಿನ ಹಳೇ ಶೆಫೀಲ್ಡ್‌ನವರ ಥರ ಮಾಡಿದೆ. ಪಟ್ಟಿ ತುದಿಗೆ ತೂತು ಹೊಡೆದು, ಅಡಿಗಲ್ಲಿನ ಕೊಂಬಿಗೆ ಸಿಕ್ಕಿಸಿ, ಬಡಿದು ಅಗಲಿಸೋದು. 1761ರ ಹೊತ್ತಿಗೆ ಅಲ್ಲಿ ಹಿಂಚ್‌ಲಿಫ್ ಅನ್ನೋನು ಮೂಸೆಯಲ್ಲಿ ಕರಗಿಸಿದ ಉಕ್ಕಿನಿಂದ ಕತ್ತರಿ ಮಾಡಿದ ಅಂತ ದೊಡ್ಡದಾಗಿ ಹೇಳ್ತಾರೆ. ಮೂಸೆ ಉಕ್ಕು ನಮ್ಮ ಸೀಮೆಗೆ ಹೊಸದೇನಲ್ಲ, ಆ ಉಕ್ಕಿಗೆ ಅವರು ಕರೆಯೋ ‘ವುಟ್ಜ್’ ಅನ್ನೋ ಹೆಸರು ಬಂದದ್ದೇ ನಮ್ಮ ‘ಉಕ್ಕು’ನಿಂದ. ಇರಲಿ. ಒಂದು ಬಳೆಗೆ ನಲವತ್ತು ನಿಮಿಷ ಹಿಡೀತಿತ್ತು, ಸೊಂಟ ಹೋಯ್ತು. ಈಗ ರಾಡ್ ಬಗ್ಗಿಸಿ, ಹದ ಹಾಕೋ ಮೊದಲೇ ವೆಲ್ಡ್ ಮಾಡ್ತೀನಿ. ಬೈಯೋರು ಬೈಕೊಳ್ಳಲಿ.

ದುಡ್ಡಿನ ಮಾತು. ಬೆಲ್ಟ್ ಗ್ರೈಂಡರ್ ಇಪ್ಪತ್ತೆಂಟು ಸಾವಿರದ ಹತ್ತಿರ. ಹೆಂಡತಿ ಎತ್ತಿದ ಚೀಟಿ ದುಡ್ಡು ಅದು, ಅವತ್ತು ಮನೆಯಲ್ಲಿ ನನ್ನ ಪಾಡು ಅಡಕತ್ತರಿಯೊಳಗಿನ ಅಡಿಕೆ. ಹಾಳಾದ ಕಬ್ಬಿಣ, ಬೆಲ್ಟು, ಇದ್ದಿಲು ಸೇರಿ ಇನ್ನೊಂದು ಹದಿನೈದು. ಈಗ ಒಂದು ಜೋಡಿಗೆ ಸಾಮಾನಿನ ಖರ್ಚು ಮುನ್ನೂರರ ಮೇಲೆ, ಅದರಲ್ಲಿ ಬೆಲ್ಟಿನದೇ ನೂರು ಚಿಲ್ಲರೆ. ಕೆಲಸ ನಾಲ್ಕು ತಾಸು. ಮಾರೋದು ಸಾವಿರದ ನಾನೂರಕ್ಕೆ. ಅರ್ಧ ರೇಟಿಗೆ ಮೀರತ್ ಕತ್ತರಿ ಸಿಗುತ್ತಲ್ಲ ಅಂತೀರಿ, ಸಿಗುತ್ತೆ. ನನ್ನ ಹತ್ರ ಬರೋದು ದಿನಪೂರ್ತಿ ಕಟಿಂಗ್ ಮಾಡೋರು, ಹೆಬ್ಬೆರಳು ಊದಿದೋರು. ಅರವತ್ತು ದಾಟಿದೆ ಮಾರಿದ್ದು. ಅದರಲ್ಲಿ ಹತ್ತು ಜೋಡಿ ಒಂದು ಅಂಗಡಿಗೆ ಉದ್ದರಿ ಕೊಟ್ಟೆ, ದುಡ್ಡು ಇವತ್ತಿಗೂ ಬಂದಿಲ್ಲ. ನನ್ನ ಜೇಬಿಗೆ ನನ್ನದೇ ಕತ್ತರಿ.

ನಡುವೆ ಚಳ್ಳಕೆರೆ ಕಡೆಯ ಕುರಿಗಾರರೊಬ್ಬರು ಉಣ್ಣೆ ಕತ್ತರಿ ಕೇಳಿದರು. ನಡುವೆ ಸ್ಕ್ರೂ ಇಲ್ಲ, ಒಂದೇ ಪಟ್ಟಿ ಬಿಲ್ಲಿನಂಗೆ ಬಾಗಿರುತ್ತೆ, ಹಿಸುಕಿದರೆ ಮುಚ್ಚಿ ಬಿಟ್ಟರೆ ತೆರೆಯೋದು. ಕತ್ತರಿಯ ಮೂಲರೂಪವೇ ಅದು, ಸಾವಿರಾರು ವರ್ಷದ್ದು. ನಡುಮೊಳೆಯ ಕತ್ತರಿ ಬಂದದ್ದು ರೋಮನ್ನರ ಕಾಲಕ್ಕೆ. ಡಾ ವಿಂಚಿ ಕಂಡುಹಿಡಿದ ಅನ್ನೋದು ಬರೀ ಬೊಗಳೆ. ಸುಲಭ ಅಂದುಕೊಂಡೆ. ಬಾಯಿಗೆ ಒಣಹುಲ್ಲಿನ ಬಣ್ಣ, ಬಿಲ್ಲಿಗೆ ನೀಲಿ, ಒಂದೇ ಕಬ್ಬಿಣಕ್ಕೆ ಎರಡು ಹದ ಬೇಕು. ನಾಲ್ಕರಲ್ಲಿ ಮೂರು ಮುರಿದವು. ಉಳಿದದ್ದರಲ್ಲಿ ಅವರು ನನ್ನೆದುರೇ ಒಂದು ಕುರಿಯ ಉಣ್ಣೆ ತೆಗೆದು, ‘ಪರ್ವಾಗಿಲ್ಲ, ಕೈ ಬಾಳ ನೋಯ್ತತಿ’ ಅಂದರು. ಆ ಕೆಲಸ ಅಲ್ಲಿಗೇ ನಿಂತಿದೆ.

ಎಡಗೈ ಕತ್ತರಿ ಮಾತ್ರ ಗೆದ್ದೆ. ನಿಟುವಳ್ಳಿಯ ಹೆಣ್ಣುಮಗಳೊಬ್ಬಳು, ಬ್ಲೌಸ್ ಹೊಲಿಯೋಳು, ಎಡಚಿ. ಬಲಗೈ ಕತ್ತರಿಯಲ್ಲಿ ಹೆಬ್ಬೆರಳು ಅಲಗುಗಳನ್ನು ಒಂದಕ್ಕೊಂದು ಒತ್ತುತ್ತೆ. ಅದನ್ನೇ ಎಡಗೈಲಿ ಹಿಡಿದರೆ ಅಗಲಿಸುತ್ತೆ. ಬಳೆ ಬದಲಾಯಿಸಿದರೆ ಸಾಲದು, ಅಲಗುಗಳೇ ಕನ್ನಡಿಯಲ್ಲಿ ಕಂಡಂಗೆ ತಿರುಗುಮುರುಗಾಗಬೇಕು. ನನ್ನ ಕೈ ಬಲಗೈ ರೂಢಿಯದು, ಎರಡು ಸಲ ತಪ್ಪಿ ಬಲಗೈದೇ ಮಾಡಿಟ್ಟಿದ್ದೆ. ಮೂರನೇದನ್ನು ಅವಳ ಕೈಗಿತ್ತು ಒದ್ದೆ ಮಲ್ಮಲ್ ಕೊಟ್ಟೆ. ನನ್ನ ಪರೀಕ್ಷೆ ಅದೇ, ಒದ್ದೆ ಮಲ್ಮಲ್, ಬರೀ ತುದಿಯಲ್ಲಿ. ಎಳೆ ಎಳೀದೆ ಕತ್ತರಿಸಿತು. ಗೆರೆ ಹಾಕಿದ ಕಡೆ ಕತ್ತರಿ ತಾನೇ ಹೋಗ್ತಿದೆ ಅಂತ ಅರ್ಧ ಮೀಟರ್ ಸುಮ್ಮನೆ ಕತ್ತರಿಸಿ ಹಾಕಿದಳು, ಬಟ್ಟೆ ನನ್ನದು.

ಚೌಕಿಪೇಟೆಯವರ ಕತ್ತರಿಗೆ ಸಾಣೆ ಕೊಟ್ಟು, ಸ್ಕ್ರೂಗೆ ಒಂದು ತೊಟ್ಟು ಎಣ್ಣೆ ಬಿಟ್ಟು ಕೊಟ್ಟೆ. ಬಾಯಿ ತೆರೆದು ಮುಚ್ಚಿ, ಕಿವಿ ಹತ್ತಿರ ಹಿಡಿದು ಸದ್ದು ಕೇಳಿದರು. ‘ತಮ್ಮಂಗೆ ಇನ್ನೊಂದ್ ಮಾಡ್ಕೊಡು, ರೇಟ್ ನೋಡ್ಕ್ಯಂಡ್ ಹಾಕು’ ಅಂದರು. ನೋಡಿಕೊಂಡೇ ಹಾಕಿದೆ, ಸಾವಿರದ ಐನೂರು.