‘ಅಣ್ಣ’ ಅಂದರೆ ಯಾರು? ಒಂದು ಕ್ರೈಮ್ ಸಿನಿಮಾದಲ್ಲಿ ನನ್ನ ಅನುಭವ

ಮುಂಬೈ ಕ್ರೈಮ್ ಸಿನಿಮಾಗಳಲ್ಲಿ ನಮ್ಮವರಿಗೆ ಸಿಗುವುದು ಎರಡೇ ಕೆಲಸ. ಬಾರ್ ನಡೆಸುವುದು, ಇಲ್ಲಾ ಸುಪಾರಿ ಕೊಡುವುದು. ಹೆಸರು ಶೆಟ್ಟಿ, ಊರೆಲ್ಲಾ ಕರೆಯುವುದು ಅಣ್ಣ, ಹಿಂದಿ ಮಾತಿನ ನಡುವೆ ಎರಡು ‘ಅಯ್ಯೋ’.

ನಾನು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಬೆಳೆದವಳು. ಅಪ್ಪ ಉಡುಪಿ ಕಡೆಯಿಂದ ಬಂದು, ಹಗಲು ಫೋರ್ಟಿನ ಹೋಟೆಲಲ್ಲಿ ಕಪ್ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಹಾಗಾಗಿ ಒಂದು ಕ್ರೈಮ್ ಸಿನಿಮಾಗೆ ಡೈಲಾಗ್ ಅಸಿಸ್ಟೆಂಟ್ ಆದಾಗ ಮೊದಲು ಮಾಡಿದ್ದು ಇಷ್ಟೇ: ಪೆನ್ಸಿಲ್ ಹಿಡಿದು ಸ್ಕ್ರಿಪ್ಟಿನಲ್ಲಿ ನಮ್ಮವರನ್ನು ಎಣಿಸಿದೆ. ಐದು ಜನ ಸಿಕ್ಕರು. ಬಾರ್ ಮಾಲೀಕ, ಅವನ ಇಬ್ಬರು ಹುಡುಗರು, ಒಬ್ಬ ವೇಟರ್, ಒಂದು ಹೆಣ. ಹೆಂಗಸು ಒಬ್ಬಳೂ ಇಲ್ಲ. ಊರು ಯಾವುದು ಅಂತ ಬರೆದಿದ್ದದ್ದು ಹೆಣಕ್ಕೆ ಮಾತ್ರ.

ಬಾರ್ ಕೂಡ ಹಳೇದೇ. ಡಾನ್ಸ್ ಬಾರುಗಳನ್ನು ಮಹಾರಾಷ್ಟ್ರ ಸರ್ಕಾರ 2005ರಲ್ಲಿ ನಿಷೇಧಿಸಿತು, ಆ ನಿಷೇಧ ನಿಲ್ಲದು ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಆ ಎಂಟು ವರ್ಷ ಅಲ್ಲಿ ಕುಣಿಯುತ್ತಿದ್ದ ಹುಡುಗಿಯರು ಏನು ತಿಂದರು ಅನ್ನುವುದೇ ಒಂದು ಸಿನಿಮಾ ಆಗಬಹುದಿತ್ತು. ನಮ್ಮ ಸ್ಕ್ರಿಪ್ಟಿನಲ್ಲಿ ಮಾತ್ರ ಇನ್ನೂ ನೋಟು ಹಾರುತ್ತಲೇ ಇತ್ತು.

ಡೈರೆಕ್ಟರ್ ಪುಣೆಯವರು, ಒಳ್ಳೆಯ ಮನುಷ್ಯ. ‘ಆಡಿಯನ್ಸಿಗೆ ಇದೇ ಬೇಗ ಅರ್ಥ ಆಗೋದು’ ಅಂದರು. ನಾನು ವಾದ ಮಾಡಲಿಲ್ಲ. ಬೆಳಿಗ್ಗೆ ಆರೂವರೆಗೆ ಮಾಟುಂಗಾಕ್ಕೆ ಕರೆದುಕೊಂಡು ಹೋಗಿ ಒಂದು ಹೋಟೆಲಿನ ಗಲ್ಲಾ ಎದುರು ಕೂರಿಸಿದೆ. ಗಲ್ಲಾದಲ್ಲಿದ್ದವರು ತಲೆ ಎತ್ತದೆ ಹಾಲಿನವನಿಗೆ ಹಿಂದಿ, ಟ್ಯಾಕ್ಸಿಯವನಿಗೆ ಮರಾಠಿ, ಒಳಗಿನ ಭಟ್ಟರಿಗೆ ತುಳು ಮಾತಾಡುತ್ತಿದ್ದರು. ಎದುರಿಗೆ ಕನ್ನಡ ಪೇಪರ್. ಡೈರೆಕ್ಟರ್ ಎರಡು ಕಾಫಿ ಕುಡಿದರು. ‘ಇವರು ಒಂದು ಸಲಾನೂ ಅಯ್ಯೋ ಅನ್ನಲಿಲ್ಲವಲ್ಲ’ ಅಂತ ಅವರೇ ಅಂದರು.

ಹೀಗೆ ಬಾರ್ ಹೋಗಿ ಹೋಟೆಲ್ ಬಂತು. ಅಷ್ಟಕ್ಕೇ ನಿಂತಿದ್ದರೆ ಕೆಟ್ಟ ಶೆಟ್ಟಿಯ ಜಾಗಕ್ಕೆ ಒಳ್ಳೆಯ ಶೆಟ್ಟಿ ಬಂದಂತೆ ಆಗುತ್ತಿತ್ತು, ಅಷ್ಟೇ ಅಲ್ವಾ? ಕಥೆ ತಿರುಗಿದ್ದು ಗೋರೆಗಾಂವ್ ಕಡೆಯ ನಾಕಾದಲ್ಲಿ, ಅಂದರೆ ಕೂಲಿಯವರು ಸೇರುವ ಸರ್ಕಲ್ಲಿನಲ್ಲಿ. ಬೆಳಿಗ್ಗೆ ಕೂಲಿಗೆ ನಿಲ್ಲುವ ಕಲಬುರಗಿ, ಯಾದಗಿರಿ ಕಡೆಯ ಹೆಂಗಸರ ಹತ್ತಿರ ಮಾತಾಡಲು ಹೋಗಿದ್ದೆ. ಒಬ್ಬರು ದಾರಿ ಬಿಡಲಿ ಅಂತ ಹಿಂದಿದ್ದ ಯಾರೋ ಪರಿಚಯವಿಲ್ಲದ ಗಂಡಸಿಗೆ ‘ಸರೀರಿ ಅಣ್ಣಾ’ ಅಂದರು. ನಾನು ಅಲ್ಲೇ ನಿಂತುಬಿಟ್ಟೆ. ಆ ಹೆಂಗಸಿಗೆ ಅಣ್ಣ ಅಂದರೆ ಯಾವ ಗಂಡಸೂ ಆಗಬಹುದು. ಮುಂಬೈ ಪೊಲೀಸ್ ಸ್ಟೇಷನ್ನಿನಲ್ಲಿ ಅಣ್ಣ ಅಂದರೆ ಒಬ್ಬನೇ, ಹೋಟೆಲಿನ ಶೆಟ್ಟಿ.

ಕೊಲೆ ನೋಡಿದ ಸಾಕ್ಷಿಯನ್ನು ಅಂಥ ಕೂಲಿ ಹೆಂಗಸಾಗಿ ಮಾಡಿದೆವು. ಅವಳು ‘ಅಣ್ಣ ಓಡಿ ಹ್ವಾದ’ ಅನ್ನುತ್ತಾಳೆ. ಹವಾಲ್ದಾರ ಮರಾಠಿಯಲ್ಲಿ ‘ಅಣ್ಣಾ’ ಅಂತ ಬರೆದು ಹೋಟೆಲ್ ಮಾಲೀಕನನ್ನು ಎಳೆದು ತರುತ್ತಾನೆ. ಸ್ಕ್ರಿಪ್ಟಿನಲ್ಲಿ ಅವಳು ಹೆಬ್ಬೆಟ್ಟು ಒತ್ತುವ ದೃಶ್ಯ ಇತ್ತು, ತೆಗೆಸಿದೆ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸುವ ಹಾಗಿಲ್ಲ. ಹಳೇ ಕ್ರಿಮಿನಲ್ ಪ್ರಕ್ರಿಯಾ ಕಾನೂನು ಸಿಆರ್‌ಪಿಸಿಯಲ್ಲೂ ಹಾಗೇ ಇತ್ತು, 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಕಾನೂನಿನಲ್ಲೂ ಹಾಗೇ. ಪೊಲೀಸರು ಒತ್ತಾಯದಿಂದ ಸಹಿ ಮಾಡಿಸಬಾರದು ಅಂತ ಇರುವ ರಕ್ಷಣೆ ಅದು. ನಮ್ಮ ದೃಶ್ಯದಲ್ಲಿ ಅದರಿಂದ ಬೇರೆಯೇ ಭಯ ಹುಟ್ಟಿತು. ಅವಳ ಬಾಯಲ್ಲಿ ಬಂದ ಮಾತು ಕಾಗದದಲ್ಲಿ ಏನಾಯಿತು ಅಂತ ಅವಳಿಗೆ ಗೊತ್ತೇ ಆಗುವುದಿಲ್ಲ.

ಆರಾಮ್ ನಗರದ ಆಡಿಷನ್ ಬಗ್ಗೆ ಹೇಳದಿರುವುದೇ ವಾಸಿ. ಬೆಳ್ಳಗಿನ ಹುಡುಗಿಯರಿಗೆ ಕಪ್ಪು ಮೇಕಪ್ ಬಳಿದು ತೋರಿಸಿದರು. ಮೂರು ದಿನ ಹಟ ಹಿಡಿದೆ. ಕೊನೆಗೆ ಕಲಬುರಗಿ ಕಡೆಯ ರಂಗಭೂಮಿಯ ಕಲಾವಿದೆ ಸಿಕ್ಕರು. ನಾನು ಬರೆದ ಡೈಲಾಗ್ ಓದಿ, ‘ಮೇಡಂ, ಇದು ಪಾಠದ ಪುಸ್ತಕದ ಕನ್ನಡ ಅದರೀ’ ಅಂತ ನಕ್ಕರು. ನಾಚಿಕೆ ಆಯಿತು. ಬೇರೆಯವರ ಅಯ್ಯೋಗೆ ಬೈದವಳು ನಾನೂ ಅದನ್ನೇ ಮಾಡಿದ್ದೆ. ಅವರ ಮಾತು ಅವರೇ ತಿದ್ದಿದರು, ನಾನು ಸುಮ್ನೆ ಬರೆದುಕೊಂಡೆ. ಟೈಟಲ್ಸ್‌ನಲ್ಲಿ ಡೈಲಾಗ್ ಸಹಾಯ ಅಂತ ಅವರ ಹೆಸರೂ ಹಾಕಿಸಿದೆ, ಅದಕ್ಕೊಂದು ಜಗಳ.

ಎಲ್ಲಾ ಮುಗಿಯಿತು ಅಂದುಕೊಂಡೆ. ಲಾಕಪ್ಪಿನಲ್ಲಿರುವ ಮಾಲೀಕನನ್ನು ನೋಡಲು ಬಂದ ಹೆಂಡತಿ ತುಳುವಿನಲ್ಲಿ ‘ವನಸ್ ಆಂಡಾ?’ ಅಂತ ಕೇಳುತ್ತಾಳೆ, ಊಟ ಆಯ್ತಾ ಅಂತ. ಇಡೀ ಸಿನಿಮಾದಲ್ಲಿ ನನಗೆ ಜಾಸ್ತಿ ಇಷ್ಟವಾದ ಸಾಲು. ಬಿಡುಗಡೆಯಾದ ಮೇಲೆ ಅಮ್ಮನ ಜೊತೆ ಕೂತು ನೋಡುವಾಗ ಆ ಸಾಲಿನ ಕೆಳಗೆ ಸಬ್‌ಟೈಟಲ್ ಬಂತು: ‘ದಕ್ಷಿಣ ಭಾರತದ ಭಾಷೆಯಲ್ಲಿ ಮಾತು’. ಅಮ್ಮ ನನ್ನ ಮುಖ ನೋಡಿದರು. ಮೂರು ಸಲ ಮೇಲ್ ಕಳಿಸಿದ್ದೇನೆ. ಇನ್ನೂ ಹಾಗೇ ಇದೆ.