ಓದು ಮತ್ತು ಲೆಕ್ಕದ ತೊಡಕನ್ನು ಎರಡನೆಯ ತರಗತಿಯಲ್ಲೇ ಗುರುತಿಸುವುದು: ನನ್ನ ಅನುಭವ

ಹೂವಿನಹಡಗಲಿ ತಾಲ್ಲೂಕಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಲಿ-ಕಲಿ ತರಗತಿಯನ್ನು (ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಗಳ ಮೂಲಕ ಗುಂಪುಗಳಲ್ಲಿ ಕಲಿಯುವ ಪದ್ಧತಿ) ನಿರ್ವಹಿಸುತ್ತಿರುವ ನಾನು, ಕಲಿಕೆಯಲ್ಲಿ ತೊಡಕಿರುವ ಮಕ್ಕಳನ್ನು ಗುರುತಿಸಲು ಕುಳಿತಾಗ ಮೊದಲು ಬದಿಗಿಡುವುದು ಅವರ ನೋಟ್‌ಬುಕ್ಕುಗಳನ್ನು. ಕಪ್ಪುಹಲಗೆಯ ಮೇಲಿರುವುದನ್ನು ದುಂಡಾಗಿ ನಕಲು ಮಾಡಬಲ್ಲ ಮಗು ಓದಬಲ್ಲದು ಎಂಬ ನಂಬಿಕೆ ನಮ್ಮ ಶಾಲೆಗಳಲ್ಲಿ ಗಟ್ಟಿಯಾಗಿದೆ. ಆದರೆ ನಕಲು ಬರಹವು ಚಿತ್ರ ಬಿಡಿಸುವಂತಹ ಕೆಲಸ, ಅದಕ್ಕೆ ಅಕ್ಷರದ ಧ್ವನಿ ತಿಳಿದಿರಬೇಕಾಗಿಲ್ಲ. ತೊಡಕು ನಾಲ್ಕನೆಯ ಅಥವಾ ಐದನೆಯ ತರಗತಿಗೆ ಹೋದ ಮೇಲೆ ಬೆಳಕಿಗೆ ಬರುವುದಕ್ಕೆ ಈ ಅಂದದ ಬರಹವೇ ಬಹುಮಟ್ಟಿಗೆ ಕಾರಣ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಎರಡನೆಯ ತರಗತಿಯ ಆರಂಭದಲ್ಲಿ ಪ್ರತಿಯೊಂದು ಮಗುವನ್ನೂ ಪ್ರತ್ಯೇಕವಾಗಿ ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತೇನೆ. ಉಳಿದ ಮಕ್ಕಳು ಸ್ವಕಲಿಕೆಯ ಗುಂಪಿನಲ್ಲೋ ಸಹಪಾಠಿಗಳ ನೆರವಿನ ಗುಂಪಿನಲ್ಲೋ ತೊಡಗಿರುವಾಗ ಈ ಕೆಲಸ ಸಾಧ್ಯವಾಗುತ್ತದೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ ನಲಿ-ಕಲಿಯ ಗುಂಪು ಪದ್ಧತಿ ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಇಲ್ಲಿಯೇ. ಮಗು ಪಾಠವನ್ನು ಸರಾಗವಾಗಿ ಹೇಳಿದರೆ ಅಷ್ಟಕ್ಕೇ ನಿಲ್ಲಿಸದೆ, ಅದೇ ಪುಟದ ಪದಗಳನ್ನು ಕೊನೆಯಿಂದ ಮೊದಲಿಗೆ, ಒಂದೊಂದಾಗಿ ತೋರಿಸುತ್ತೇನೆ. ಬಾಯಿಪಾಠ ಮಾಡಿದ ಮಗುವಿನ ಬೆರಳು ಒಂದು ಪದದ ಮೇಲಿದ್ದರೆ ನಾಲಿಗೆ ಮುಂದಿನ ಪದದಲ್ಲಿರುತ್ತದೆ, ಹಿಮ್ಮುಖವಾಗಿ ಕೇಳಿದಾಗ ಅದು ಚಿತ್ರದ ಕಡೆಗೋ ನನ್ನ ಮುಖದ ಕಡೆಗೋ ನೋಡುತ್ತದೆ.

ಅಂಕ ಕೊಡುವುದಕ್ಕಿಂತ ತಪ್ಪಿನ ಬಗೆಯನ್ನು ಬರೆದಿಟ್ಟುಕೊಳ್ಳುವುದು ಮುಖ್ಯ. ಪ, ಷ, ಘ ಇವುಗಳನ್ನು ಒಂದಕ್ಕೊಂದು ಬೆರೆಸುವ ಮಗುವಿಗೆ ಆಕಾರದ ಗೊಂದಲವಿದೆ. ‘ಕಿ’ ಮತ್ತು ‘ಕೀ’, ‘ಕೊ’ ಮತ್ತು ‘ಕೋ’ ಬೆರೆಸುವ ಮಗುವಿಗೆ ಮೂಲಾಕ್ಷರ ಬಂದಿದೆ, ಗುಣಿತದ ಚಿಹ್ನೆ ಇನ್ನೂ ನಿಂತಿಲ್ಲ. ‘ಸೂರ್ಯ’ ಎಂಬುದನ್ನು ‘ಸೂಯರ’ ಎಂದು ಓದುವ ಮಗು ಕಣ್ಣಿಗೆ ಕಂಡ ಕ್ರಮದಲ್ಲಿಯೇ ಪ್ರಾಮಾಣಿಕವಾಗಿ ಓದಿದೆ. ಅರ್ಕಾವೊತ್ತನ್ನು ಬರೆಯುವುದು ನಂತರ, ಉಚ್ಚರಿಸುವುದು ಮೊದಲು ಎಂಬುದನ್ನು ಅದಕ್ಕೆ ಯಾರೂ ತಿಳಿಸಿಲ್ಲ. ಈ ಮೂರೂ ಮಕ್ಕಳನ್ನು ‘ಓದಲು ಬಾರದವರು’ ಎಂಬ ಒಂದೇ ಕಲಂನಲ್ಲಿ ಸೇರಿಸಿದರೆ ಮುಂದಿನ ನೆರವು ಯಾರಿಗೂ ಹೊಂದುವುದಿಲ್ಲ. ಇಷ್ಟು ನೋಡಿಯೂ ಆತುರ ಪಡುವಂತಿಲ್ಲ. ಕನ್ನಡದ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಗುಣಿತ ಮತ್ತು ಒತ್ತಕ್ಷರಗಳ ಕಲಿಕೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ ಎಂದು ತೋರಿಸಿದೆ. ಹಾಗಾಗಿ ಎರಡನೆಯ ತರಗತಿಯಲ್ಲಿ ಒತ್ತಕ್ಷರ ತಪ್ಪಿದರೆ ನಾನು ಗಾಬರಿಯಾಗುವುದಿಲ್ಲ. ನಲಿ-ಕಲಿಯ ಮೊದಲ ಗುಂಪಾದ ರ, ಗ, ಸ, ದ, ಅ ಅಕ್ಷರಗಳಲ್ಲೇ ನಿನ್ನೆ ಬಂದದ್ದು ಇಂದು ಮರೆತುಹೋಗುತ್ತಿದ್ದರೆ ಮಾತ್ರ ಎಚ್ಚರಗೊಳ್ಳುತ್ತೇನೆ.

ಓದಿನ ಜೊತೆಗೆ ಕಿವಿಯನ್ನೂ ಪರೀಕ್ಷಿಸಬೇಕು. ‘ಕುದುರೆ’ ಪದಕ್ಕೆ ಎಷ್ಟು ಚಪ್ಪಾಳೆ, ಅದರಿಂದ ‘ಕು’ ತೆಗೆದರೆ ಉಳಿಯುವುದೇನು ಎಂದು ಬಾಯಿಮಾತಿನಲ್ಲಿಯೇ ಕೇಳುತ್ತೇನೆ. (ಈ ಆಟಕ್ಕೆ ‘ಕಮಲ’ವನ್ನು ಆರಿಸಿಕೊಳ್ಳಬಾರದು, ‘ಕ’ ತೆಗೆದ ಮೇಲೆ ಆ ದಿನದ ಪಾಠ ಮುಂದುವರಿಯುವುದಿಲ್ಲ.) ಪದವನ್ನು ಹೀಗೆ ಬಿಡಿಸಲಾಗದ ಮಗುವಿಗೆ ಅಕ್ಷರವನ್ನು ಹತ್ತು ಸಲ ಬರೆಸಿದರೆ ಕೈ ನೋಯುತ್ತದೆಯೇ ಹೊರತು ಓದು ಬರುವುದಿಲ್ಲ.

ಲೆಕ್ಕದಲ್ಲಿ ಉತ್ತರಕ್ಕಿಂತ ಮಗು ಉತ್ತರಕ್ಕೆ ಹೋಗುವ ದಾರಿ ಹೆಚ್ಚು ತಿಳಿಸುತ್ತದೆ. ಎಂಟಕ್ಕೆ ಮೂರು ಕೂಡಿಸಲು ಹೇಳಿದಾಗ ಹೆಚ್ಚಿನ ಮಕ್ಕಳು ಸ್ವಲ್ಪ ಕಾಲದಲ್ಲೇ ಎಂಟನ್ನು ಮನಸ್ಸಿನಲ್ಲಿಟ್ಟುಕೊಂಡು ಒಂಬತ್ತು, ಹತ್ತು, ಹನ್ನೊಂದು ಎಂದು ಮುಂದುವರಿಸುತ್ತಾರೆ. ಎರಡನೆಯ ತರಗತಿ ಮುಗಿಯುವ ಹೊತ್ತಿಗೂ ಒಂದರಿಂದಲೇ ಬೆರಳು ಎಣಿಸುವ ಮಗುವನ್ನು ನಾನು ಗುರುತು ಹಾಕಿಕೊಳ್ಳುತ್ತೇನೆ. ಅಂಗೈಯಲ್ಲಿ ಮೂರು ಹುಣಸೆಬೀಜ ಇಟ್ಟು ಕ್ಷಣಮಾತ್ರ ತೋರಿಸಿ ಮುಚ್ಚಿದಾಗ ‘ಮೂರು’ ಎನ್ನಲಾಗದೆ ಮತ್ತೆ ತೆರೆಯಲು ಕೇಳುವುದು, ಇಪ್ಪತ್ತರಿಂದ ಹಿಂದಕ್ಕೆ ಎಣಿಸುವಾಗ ಪ್ರತಿ ಹೆಜ್ಜೆಗೂ ಮೊದಲಿನಿಂದ ಎಣಿಸಿಕೊಂಡು ಬರುವುದು, ಇವೂ ಅದೇ ಬಗೆಯ ಸೂಚನೆಗಳು. ನೂರ ಐದನ್ನು 1005 ಎಂದು ಬರೆಯುವ ಮಗು ಕೇಳಿದ್ದನ್ನು ಕೇಳಿದಂತೆಯೇ ಬರೆದಿದೆ. 42ರಲ್ಲಿ 17 ಕಳೆದು 35 ಎನ್ನುವ ಮಗು ಬಿಡಿಸ್ಥಾನದಲ್ಲಿ ಏಳರಿಂದ ಎರಡನ್ನು ಕಳೆದಿದೆ, ಅಂದರೆ ಅದರ ಪಾಲಿಗೆ 42 ಎಂಬುದು ನಲವತ್ತೆರಡಲ್ಲ, ಪಕ್ಕಪಕ್ಕ ಕೂತ ಎರಡು ಅಂಕಿಗಳು. ವಾಕ್ಯರೂಪದ ಲೆಕ್ಕಗಳನ್ನು ನಾನೇ ಗಟ್ಟಿಯಾಗಿ ಓದಿ ಹೇಳುತ್ತೇನೆ. ಆಗ ಉತ್ತರ ಬಂದರೆ ತೊಡಕಿರುವುದು ಲೆಕ್ಕದಲ್ಲಲ್ಲ, ಓದಿನಲ್ಲಿ. ಗಣಿತದಲ್ಲಿ ಹಿಂದುಳಿದವರೆಂದು ಹೆಸರಾದ ಕೆಲವು ಮಕ್ಕಳು ಈ ಒಂದು ಪರೀಕ್ಷೆಯಿಂದಲೇ ಆ ಪಟ್ಟಿಯಿಂದ ಹೊರಬಂದಿದ್ದಾರೆ.

ನಮ್ಮ ಶಾಲೆಗೆ ತಾಂಡಾದ ಮಕ್ಕಳೂ ಬರುತ್ತಾರೆ, ಅವರ ಮನೆಮಾತು ಲಂಬಾಣಿ. ಶಾಲೆಯ ಕನ್ನಡ ಕಿವಿಗೆ ಬಿದ್ದು ಒಂದು ವರ್ಷವಷ್ಟೇ ಆಗಿರುವ ಮಗು ಒಂಬತ್ತು ಮತ್ತು ತೊಂಬತ್ತನ್ನು ಬೆರೆಸಿದರೆ ಅದನ್ನು ಕಲಿಕಾ ತೊಡಕು ಎನ್ನಲಾಗದು. ಅಂತಹ ಮಗುವಿಗೆ ಅದರ ಭಾಷೆಯಲ್ಲೇ ಎಣಿಸಲು ಹೇಳಿ, ಮೇಲಿನ ತರಗತಿಯ ಅಕ್ಕನನ್ನೋ ಅಣ್ಣನನ್ನೋ ಪಕ್ಕದಲ್ಲಿ ಕೂರಿಸಿ ಸರಿಯೇ ಎಂದು ಕೇಳಿಕೊಳ್ಳುತ್ತೇನೆ. ಅಲ್ಲಿ ಸರಾಗವಾಗಿದ್ದರೆ ಬೇಕಾಗಿರುವುದು ಕನ್ನಡದ ಒಡನಾಟ. ಅಲ್ಲಿಯೂ ತಡವರಿಸಿದರೆ ಇನ್ನಷ್ಟು ಗಮನ. ಇದರ ಜೊತೆಗೆ ಕಣ್ಣು ಮತ್ತು ಕಿವಿಯ ತಪಾಸಣೆ ಆಗಲೇಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ನನ್ನ ಪಟ್ಟಿಯ ಮಕ್ಕಳನ್ನು ಸಾಲಿನ ಮುಂದೆ ನಿಲ್ಲಿಸುತ್ತೇನೆ. ಕನ್ನಡಕ ಬಂದ ಮೇಲೆ ಓದು ಸರಿಹೋದ ಮಕ್ಕಳಿದ್ದಾರೆ.

ನೆರವಿನ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟವಾಗಿದೆ: ವೈಕಲ್ಯದ ಯಾವ ಪ್ರಮಾಣಪತ್ರಕ್ಕೂ ಕಾಯಬೇಕಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು (ಓದು, ಬರಹ ಅಥವಾ ಲೆಕ್ಕದ ಕಲಿಕೆಯಲ್ಲಿ ಬಿಡದೆ ಉಳಿಯುವ ತೊಡಕು) 21 ಬಗೆಯ ವೈಕಲ್ಯಗಳಲ್ಲಿ ಸೇರಿಸಿದೆ. ಆ ಕಾಯ್ದೆಯ ಅಡಿಯಲ್ಲಿ ಬಂದ 2018ರ ಮಾರ್ಗಸೂಚಿಯು ಶಿಕ್ಷಕರ ಪ್ರಾಥಮಿಕ ತಪಾಸಣೆಗೆ ಮೂರನೆಯ ತರಗತಿ ಅಥವಾ ಎಂಟು ವರ್ಷ, ಯಾವುದು ಮೊದಲೋ ಅದನ್ನು ಗೊತ್ತುಪಡಿಸಿತ್ತು. ಅಲ್ಲಿಯವರೆಗಿನ ಕಾಲವನ್ನು ‘ವಯಸ್ಸಾದಂತೆ ತಾನಾಗಿ ಬರುತ್ತದೆ’ ಎಂದು ಕಳೆದುಬಿಡುವುದು ಮಗುವಿಗೆ ನಾವು ಮಾಡುವ ದೊಡ್ಡ ಅನ್ಯಾಯ. ಪ್ರತಿದಿನ ಬೆಳಗಿನ ಮೊದಲ ಅವಧಿಯಲ್ಲಿ, ಮಕ್ಕಳು ದಣಿಯುವ ಮುನ್ನ, ಮೂರು ನಾಲ್ಕು ಮಕ್ಕಳ ಗುಂಪಿಗೆ ಸುಮಾರು ಇಪ್ಪತ್ತು ನಿಮಿಷ ಮೀಸಲಿಡುತ್ತೇನೆ. ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಂದೇ ವಾರದಲ್ಲಿ ಕಲಿಸುವುದಿಲ್ಲ. ‘ಪ’ ಗಟ್ಟಿಯಾದ ಬಹಳ ದಿನಗಳ ಮೇಲೆ ‘ಷ’ ಬರುತ್ತದೆ. ಹೊಸದಾಗಿ ಕಲಿಸುವುದು ಕಡಿಮೆ, ಹಳೆಯದನ್ನು ಬೇರೆ ಬೇರೆ ಪದಗಳಲ್ಲಿ ಓದಿಸುವುದೇ ಹೆಚ್ಚು. ಕಳೆಯುವ ಲೆಕ್ಕಕ್ಕೆ ಬೆಂಕಿಕಡ್ಡಿಗಳನ್ನು ಹತ್ತುಹತ್ತರಂತೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಟ್ಟಿದ್ದೇನೆ. ನಲವತ್ತೆರಡರಿಂದ ಏಳು ಕಡ್ಡಿ ಕೊಡು ಎಂದಾಗ ಬಿಡಿಯಾಗಿರುವುದು ಎರಡೇ ಎಂಬುದನ್ನು ಕಂಡು ಮಗು ತಾನಾಗಿಯೇ ಒಂದು ಕಟ್ಟನ್ನು ಬಿಚ್ಚುತ್ತದೆ. ದಶಕ ಸಹಿತ ವ್ಯವಕಲನದ ನಿಯಮವನ್ನು ಹೇಳುವುದು ಆ ನಂತರ.

ಈ ಬಗೆಯ ನೆರವಿನಿಂದ ಪಟ್ಟಿಯಲ್ಲಿದ್ದ ಬಹುಪಾಲು ಮಕ್ಕಳು ವರ್ಷ ಮುಗಿಯುವುದರೊಳಗೆ ಕಲಿಕಾ ಏಣಿಯಲ್ಲಿ (ನಲಿ-ಕಲಿಯ ಮೆಟ್ಟಿಲುಮೆಟ್ಟಿಲಾದ ಕಲಿಕೆಯ ಕ್ರಮ) ಉಳಿದವರ ಸಮೀಪಕ್ಕೆ ಬರುತ್ತಾರೆ. ಅಷ್ಟಾದರೂ ಒಬ್ಬಿಬ್ಬರು ಅಲ್ಲಿಯೇ ನಿಲ್ಲುತ್ತಾರೆ, ಮುಂದಿನ ಪರೀಕ್ಷೆ ಅಗತ್ಯವಿರುವುದು ಅವರಿಗೆ. ಪೋಷಕರೊಂದಿಗೆ ಮಾತನಾಡುವಾಗ ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ ಎಂದು ಕೇಳುತ್ತೇನೆ, ಏಕೆಂದರೆ ಇಂತಹ ತೊಡಕು ಕುಟುಂಬಗಳಲ್ಲಿ ಮುಂದುವರಿದು ಬರುವುದುಂಟು. ‘ಅವರಪ್ಪಗೂ ಓದು ಹತ್ತಲಿಲ್ರಿ ಸರ್, ಆದ್ರ ಗಾಡಿ ರಿಪೇರಿ ಕೆಲಸದಾಗ ಭಾಳ ಶ್ಯಾಣೆ ಅದಾನ್ರಿ’ ಎಂದು ಒಬ್ಬ ಅಜ್ಜಿ ಹೇಳಿದ್ದರಲ್ಲಿ ನನಗೆ ಬೇಕಾದ ಮಾಹಿತಿಯೆಲ್ಲ ಇತ್ತು. ಅಂತಹ ಮಕ್ಕಳ ಹೆಸರನ್ನು ತಾಲ್ಲೂಕಿನ ಬಿ.ಐ.ಇ.ಆರ್.ಟಿ. ಶಿಕ್ಷಕರಿಗೆ (ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು) ತಿಳಿಸಿ, ನನ್ನ ಟಿಪ್ಪಣಿಯ ಪ್ರತಿಯನ್ನು ಪೋಷಕರ ಕೈಗೆ ಕೊಡುತ್ತೇನೆ. ಆ ಪರೀಕ್ಷೆಗಾಗಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಹೋಗುವುದೆಂದರೆ ಇಲ್ಲಿನ ಕೂಲಿ ಕುಟುಂಬಕ್ಕೆ ಹಲವು ದಿನಗಳ ದುಡಿಮೆಯ ನಷ್ಟ. ಮಗು ಎಲ್ಲಿ, ಹೇಗೆ ತಪ್ಪುತ್ತದೆ ಎಂಬುದು ಬರಹದಲ್ಲಿದ್ದರೆ ಅಲ್ಲಿ ಮೊದಲಿನಿಂದ ವಿವರಿಸುವ ಕಷ್ಟವಾದರೂ ತಪ್ಪುತ್ತದೆ.

ಮೂರನೆಯ ತರಗತಿ ಮುಗಿದಾಗ ನಾಲ್ಕನೆಯ ತರಗತಿಯ ಶಿಕ್ಷಕರಿಗೂ ಒಂದು ಪುಟದ ಟಿಪ್ಪಣಿ ಕೊಡುತ್ತೇನೆ. ಯಾವ ಅಕ್ಷರ ಮತ್ತು ಚಿಹ್ನೆಗಳು ಗಟ್ಟಿಯಾಗಿವೆ, ಸ್ಥಾನಬೆಲೆ ಎಲ್ಲಿಯವರೆಗೆ ತಿಳಿದಿದೆ, ಯಾವ ಸಾಮಗ್ರಿ ಕೆಲಸ ಮಾಡಿತು ಎಂಬುದರ ಕೆಳಗೆ ಎರಡು ಕೋರಿಕೆಗಳಿರುತ್ತವೆ: ವಾಕ್ಯರೂಪದ ಲೆಕ್ಕವನ್ನು ಈ ಮಗುವಿಗೆ ಓದಿ ಹೇಳಿ, ಉತ್ತರವನ್ನು ಬಾಯಿಮಾತಿನಲ್ಲಿ ಸ್ವೀಕರಿಸಿರಿ; ತರಗತಿಯ ಎದುರು ಗಟ್ಟಿಯಾಗಿ ಓದಿಸುವುದಾದರೆ ಯಾವ ಭಾಗವೆಂಬುದನ್ನು ಹಿಂದಿನ ದಿನವೇ ಮಗುವಿಗೆ ತಿಳಿಸಿರಿ.