ಸುಣ್ಣದ ಗಾರೆಯಲ್ಲಿ ಸಂದು ತುಂಬಿದ್ದು: ಮೂರು ಚಳಿಗಾಲದ ಲೆಕ್ಕ

ಈ ಸಲ ಹಿಮ ಕರಗಿದ ಮೇಲೆ ಉತ್ತರದ ಗೋಡೆಯ ಬುಡ ಗುಡಿಸಿ ನೋಡಿದೆ. ಒಂದು ಹಿಡಿ ಪುಡಿಯೂ ಸಿಗಲಿಲ್ಲ. ಮೊದಲೆಲ್ಲ ಇದೇ ಹೊತ್ತಿಗೆ ಅರ್ಧ ಬಕೆಟ್ ಇಟ್ಟಿಗೆ ಚಕ್ಕೆ ಎತ್ತಿ ಹಾಕುತ್ತಿದ್ದೆ. ಮೂರನೇ ಚಳಿಗಾಲ ದಾಟಿತು, ಇನ್ನು ಬರೆದರೆ ತಪ್ಪಿಲ್ಲ. ಇಟ್ಟಿಗೆಗಳ ನಡುವಿನ ಸಂದಿಗೆ ಹೊಸ ಗಾರೆ ತುಂಬಿದ ಮೊದಲ ವರ್ಷ ಎಲ್ಲರ ಗೋಡೆಯೂ ಚೆನ್ನಾಗಿಯೇ ಇರುತ್ತದೆ. ಆಗ ಬರೆದಿದ್ದರೆ ನಾನೂ ಸುಳ್ಳೇ ಹೇಳಿದಂತಾಗುತ್ತಿತ್ತು.

ಸಂದಿನಲ್ಲಿದ್ದ ಸಿಮೆಂಟ್ ಬಿಡಿಸಿ ಸುಣ್ಣದ ಗಾರೆಯನ್ನೇ ತುಂಬುತ್ತೇನೆ ಅಂದಾಗ ಒಬ್ಬರೂ ಒಪ್ಪಿರಲಿಲ್ಲ. ಮೇಸ್ತ್ರಿ ಗೋಡೆ ತಟ್ಟಿ ನೋಡಿ, "ಗಟ್ಟಿ ಸಿಮೆಂಟೇ ಇಲ್ಲಿ ತಡೀಲಿಲ್ಲ, ಸುಣ್ಣ ಏನು ತಡೀತದೆ ಸಾರ್?" ಅಂದರು. ಕಟ್ಟಡದ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ ನನ್ನ ಭಾವಮೈದ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. "ಭಾವ, ಗೋಡೆಗೆ ಹಲ್ಲುಪುಡಿ ತುಂಬ್ತಿದ್ದೀರಿ, ಮೊದಲ ಮಳೆಗೆ ಬಾಯಿ ಮುಕ್ಕಳಿಸುತ್ತೆ." ಆ ಮಾತು ಮನೆಯಲ್ಲಿ ಎರಡು ವರ್ಷ ಓಡಾಡಿತು.

ಮೇಸ್ತ್ರಿ ಹೇಳಿದ್ದರಲ್ಲಿ ಅರ್ಧ ನಿಜ. ಸಿಮೆಂಟ್ ತಡೆದಿತ್ತು, ತಡೆಯದೆ ಹೋದದ್ದು ಇಟ್ಟಿಗೆ. ಮನೆಗೆ ನೂರು ವರ್ಷ ದಾಟಿದೆ, ಇಟ್ಟಿಗೆ ಮೆತ್ತಗಿನದು, ಮೊಳೆಯಲ್ಲಿ ಗೀರಿದರೆ ಕೆಂಪು ಪುಡಿ ಬರುತ್ತದೆ. ನಾನು ಈ ಕೆಲಸಕ್ಕೆ ಇಳಿಯುವ ಮುಂಚೆ ಒಬ್ಬ ಗುತ್ತಿಗೆದಾರರಿಂದ ಉತ್ತರದ ಗೋಡೆಗೆ ಪೂರ್ತಿ ಪಾಯಿಂಟಿಂಗ್ (ಸಂದಿನ ಹೊರಮುಖಕ್ಕೆ ಗಾರೆ ತುಂಬುವುದು) ಮಾಡಿಸಿದ್ದೆ. ಒಂದು ಸಿಮೆಂಟಿಗೆ ಮೂರು ಮರಳು, ಹಳೆಯ ಗಾರೆಯನ್ನು ಬರೀ ಬೆರಳಿನ ಉಗುರಿನಷ್ಟು ಕೆರೆದು ಮೇಲಿಂದ ಬಳಿದದ್ದು. ನೋಡಲು ಕನ್ನಡಿ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಇಟ್ಟಿಗೆಗಳ ಮುಖ ಕಳಚಿ ಒಳಕ್ಕೆ ಸರಿದವು, ಸಿಮೆಂಟಿನ ಸಂದು ಮಾತ್ರ ಜೇನುಹಲ್ಲೆಯ ಹಾಗೆ ಹೊರಗೆ ನಿಂತಿತ್ತು. ಗೋಡೆ ಕುಡಿದ ನೀರು ಸಂದಿನಿಂದ ಹೊರಗೆ ಹೋಗಬೇಕು. ಅಲ್ಲಿ ಬಾಗಿಲು ಹಾಕಿದರೆ ಇಟ್ಟಿಗೆಯಿಂದಲೇ ಹೋಗಬೇಕು, ಹೋಗುವ ಮುಂಚೆ ಹೆಪ್ಪುಗಟ್ಟಿದರೆ ಶೇಕಡಾ 9ರಷ್ಟು ಹಿಗ್ಗುತ್ತದೆ. ಥಿಯರಿ ಇಷ್ಟೇ. ಆ ಹಿಗ್ಗುವಿಕೆಗೇ ಇಟ್ಟಿಗೆಯ ಮುಖ ಕಳಚಿದ್ದು.

ದುಡ್ಡಿನ ಮಾತು. ಆ ಹಾಳು ಕೆಲಸಕ್ಕೆ ಕೊಟ್ಟದ್ದನ್ನು ನೂರು ಅಂತ ಇಟ್ಟುಕೊಳ್ಳಿ. ಅದನ್ನು ಬಿಡಿಸಿ ಮತ್ತೆ ಮಾಡಲು ಬೇರೆಯವರು ಕೇಳಿದ್ದು ನೂರ ಎಂಬತ್ತು, ಯಾಕೆಂದರೆ ಸಿಮೆಂಟ್ ಬಿಡಿಸುವುದು ತುಂಬುವುದಕ್ಕಿಂತ ದೊಡ್ಡ ಕೆಲಸ. ನಾನೇ ಮಾಡಿದಾಗ ಮೂವತ್ತೈದರ ಆಚೀಚೆ ಬಂತು. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಸಾರುವೆಯ ಬಾಡಿಗೆ. ಒಂದು ತಿಂಗಳಿಗೆಂದು ತಂದು ಒಂದು ಬೇಸಿಗೆ ಪೂರ್ತಿ ನಿಲ್ಲಿಸಿಕೊಂಡೆ. ಎರಡನೇ ಬೇಸಿಗೆಗೆ ಬುದ್ಧಿ ಬಂದು ಹಳೆಯದೊಂದು ಸೆಟ್ ಕೊಂಡೇಬಿಟ್ಟೆ, ಕೆಲಸ ಮುಗಿದ ಮೇಲೆ ಕೊಂಡ ಬೆಲೆಗೇ ಮಾರಿದೆ. ಸುಣ್ಣ ದುಬಾರಿ ಅಂತ ಹೆದರುವವರಿಗೆ ಒಂದು ಮಾತು: ಹೈಡ್ರಾಲಿಕ್ ಸುಣ್ಣದ (ನೀರು ಬಿದ್ದಾಗ ಗಟ್ಟಿಯಾಗುವ ಸುಣ್ಣ) ಚೀಲ ಸಿಮೆಂಟ್ ಚೀಲದ ಮೂರ್ನಾಲ್ಕು ಪಟ್ಟು ಆಗಬಹುದು, ಆದರೆ ಸುಮಾರು ನಲವತ್ತು ಚದರ ಮೀಟರ್ ಗೋಡೆಗೆ ನನಗೆ ಹಿಡಿದದ್ದು 25 ಕಿಲೋದ ನಾಲ್ಕೂವರೆ ಚೀಲ. ಹಾಳು ಮಾಡಿದ್ದೂ ಅದರಲ್ಲೇ ಸೇರಿದೆ. ನನ್ನ ದಿನಗೂಲಿ ಮಾತ್ರ ಲೆಕ್ಕಕ್ಕೆ ಹಿಡಿದಿಲ್ಲ. ಎರಡು ಬೇಸಿಗೆ ಸೇರಿ ಅರವತ್ತು ದಿನ ಆಗಿರಬೇಕು. ಹಿಡಿದರೆ ಮನೆಯವಳು ಹೇಳುವುದೇ ಸರಿ ಅಂತಾಗುತ್ತದೆ.

ಬಿಡಿಸುವಾಗಲೇ ಮೊದಲ ಪೆಟ್ಟು ತಿಂದೆ. ಗ್ರೈಂಡರ್‌ಗೆ ಡೈಮಂಡ್ ಬ್ಲೇಡ್ ಹಾಕಿ ಹುಮ್ಮಸ್ಸಿನಲ್ಲಿ ಶುರು ಮಾಡಿದೆ. ಅಡ್ಡ ಸಂದುಗಳಲ್ಲಿ ಪರವಾಗಿಲ್ಲ, ಕೈ ನಡುಗಿದರೂ ನಡೆಯುತ್ತದೆ. ನಿಲುವು ಸಂದಿನಲ್ಲಿ ಬ್ಲೇಡು ಮೇಲಿನ ಇಟ್ಟಿಗೆಗೂ ಕೆಳಗಿನ ಇಟ್ಟಿಗೆಗೂ ಕಚ್ಚಿತು. ಮೊದಲ ದಿನವೇ ಇಪ್ಪತ್ತಕ್ಕೂ ಹೆಚ್ಚು ಇಟ್ಟಿಗೆಗೆ ಗಾಯ, ಅವು ಇವತ್ತಿಗೂ ಕಾಣುತ್ತವೆ, ಬಂದವರಿಗೆ ನಾನೇ ತೋರಿಸುತ್ತೇನೆ. ಆಮೇಲೆ ರೂಢಿಯಾದದ್ದು ಹೀಗೆ: ಅಡ್ಡ ಸಂದಿನ ನಟ್ಟನಡುವೆ ಒಂದೇ ಒಂದು ಗೀಟು ಗ್ರೈಂಡರ್‌ನಲ್ಲಿ, ಇಟ್ಟಿಗೆಯ ಅಂಚು ಮುಟ್ಟದೆ. ಉಳಿದ ಸಿಮೆಂಟನ್ನು ತೆಳು ಉಳಿಯಲ್ಲಿ ಆ ಗೀಟಿನ ಕಡೆಗೇ ಒಡೆಯುವುದು. ನಿಲುವು ಸಂದುಗಳಿಗೆ ಉಳಿ ಸುತ್ತಿಗೆ ಬಿಟ್ಟರೆ ಬೇರೇನೂ ಇಲ್ಲ. ದಿನಕ್ಕೆ ಒಂದು ಚದರ ಮೀಟರ್ ಆದರೆ ಹಬ್ಬ. ಸಂದಿನ ಅಗಲ ಹತ್ತು ಮಿಲಿಮೀಟರ್, ಆಳ ಇಪ್ಪತ್ತೈದು, ಅಂದರೆ ಅಗಲದ ಎರಡೂವರೆ ಪಟ್ಟು. ಎರಡು ಕಡೆ ಮೂವತ್ತೈದಕ್ಕೆ ಹೋದ ಮೇಲೇ ಹಳೆಯ ಗಟ್ಟಿ ಗಾರೆ ಸಿಕ್ಕಿತು. ಮಾಸ್ಕ್ ಬಗ್ಗೆ ಸೋಮಾರಿತನ ಬೇಡ. ಈ ಧೂಳು ಸಿಲಿಕಾ, ಎದೆಯೊಳಗೆ ಹೋದದ್ದು ವಾಪಸ್ ಬರುವುದಿಲ್ಲ.

ಎಲ್ಲರೂ ಸುಣ್ಣದ ಬಗ್ಗೆ ಜಗಳವಾಡುತ್ತಾರೆ, ನನ್ನನ್ನು ಸೋಲಿಸಿದ್ದು ಮರಳು. ಮೊದಲ ತುಂಡಿಗೆ ಗಿಲಾವಿನ ನುಣುಪು ಮರಳು ಹಾಕಿದೆ. ಕರಣೆಯಲ್ಲಿ ಬೆಣ್ಣೆಯ ಹಾಗೆ ಜಾರುತ್ತಿತ್ತು, ಖುಷಿಯೋ ಖುಷಿ. ವಾರದಲ್ಲಿ ಪ್ರತಿ ಸಂದಿನ ಅಂಚಿಗೂ ಕೂದಲೆಳೆ ಬಿರುಕು. ಆಗ ಹಳೆಯ ಗಾರೆಯ ಒಂದು ಹೆಂಟೆಯನ್ನು ಮೆತ್ತಗೆ ಜಜ್ಜಿ ವಿನೆಗರ್‌ನಲ್ಲಿ ಹಾಕಿಟ್ಟೆ. ನೊರೆ ನಿಂತ ಮೇಲೆ ವಿನೆಗರ್ ಬದಲಿಸಿದೆ, ಹೀಗೆ ನಾಲ್ಕು ದಿನ. ಸುಣ್ಣ ಕರಗಿ ಹೋಗಿ ತಳದಲ್ಲಿ ಹಳಬರ ಮರಳು ಉಳಿಯಿತು. ಮೂರು ಮಿಲಿಮೀಟರ್ ಕಾಳಿನಿಂದ ಹಿಡಿದು ಹಿಟ್ಟಿನವರೆಗೆ ಎಲ್ಲ ಗಾತ್ರವೂ ಇತ್ತು, ಮೂಲೆಗಳು ಚೂಪು. (ಮರಳಿನಲ್ಲೇ ಸುಣ್ಣಕಲ್ಲಿನ ಕಾಳು ಇದ್ದರೆ ಈ ಪರೀಕ್ಷೆ ಮೋಸ ಮಾಡುತ್ತದೆ, ಅದೂ ಕರಗುತ್ತದೆ.) ಎರಡು ಬಗೆಯ ಮರಳು ಜರಡಿ ಹಿಡಿದು ಬೆರೆಸಿ ಆ ತಳದ ಹತ್ತಿರ ಬರಲು ಏಳೆಂಟು ಸಲ ಒದ್ದಾಡಿದೆ. ಬೆರೆಸಿದ ಅಳತೆ ಮಾತ್ರ ಕೇಳಬೇಡಿ. ನನ್ನ ಅಳತೆ ನನ್ನ ಮರಳಿಗೆ, ಮೇಲಾಗಿ ಅದಕ್ಕೆ ಬಿದ್ದ ಬೆವರು ನನ್ನದು.

ಸುಣ್ಣ ಎನ್‌ಎಚ್‌ಎಲ್ 3.5 (ಅದೇ ನೈಸರ್ಗಿಕ ಹೈಡ್ರಾಲಿಕ್ ಸುಣ್ಣ; ಅಂಕಿ ಗಟ್ಟಿತನದ ದರ್ಜೆ, ದೊಡ್ಡದಾದಷ್ಟೂ ಗಟ್ಟಿ), ಒಂದಕ್ಕೆ ಎರಡೂವರೆ ಮರಳು, ಡಬ್ಬದ ಅಳತೆ. ಒದ್ದೆ ಮರಳು ಉಬ್ಬಿ ಡಬ್ಬದಲ್ಲಿ ಸುಳ್ಳು ಹೇಳುತ್ತದೆ, ಹಾಗಾಗಿ ಮರಳನ್ನು ಒಣಗಿಸಿಯೇ ಅಳೆದೆ. ನೀರು ನೀವು ಅಂದುಕೊಂಡದ್ದರ ಅರ್ಧ. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ನಿಲ್ಲಬೇಕು, ಕೈಗೆ ಮೆತ್ತಬಾರದು. ಮೇಸ್ತ್ರಿ ಇದನ್ನು ನೋಡಿ, "ಇದಕ್ಕೆ ನೀರೇ ಹಾಕಿಲ್ಲವಲ್ಲ" ಅಂದರು. ಅವರ ಮಾತು ಕೇಳಿ ಒಂದು ಮಧ್ಯಾಹ್ನ ಸಡಿಲ ಮಾಡಿ ತುಂಬಿದ್ದೂ ಉಂಟು. ಇಟ್ಟಿಗೆಯ ಮೇಲೆಲ್ಲ ಬಿಳಿ ಕಲೆ, ಸಂದು ಕುಗ್ಗಿ ಅಂಚು ಬಿಟ್ಟಿತ್ತು. ಕೆರೆದೆ.

ಗಾಳಿಯ ದಿನ ತುಂಬಿದ್ದೂ ಹೋಯಿತು. ಗೋಡೆಯನ್ನು ಸ್ವಲ್ಪವೇ ಒದ್ದೆ ಮಾಡಿದ್ದೆ, ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿತು. ಮೂರನೇ ದಿನ ಬೆರಳಾಡಿಸಿದರೆ ಸಂದು ಸಕ್ಕರೆಯ ಹಾಗೆ ಉದುರಿತು. ಭಾವಮೈದ ಸರಿಯಾಗಿ ಅವತ್ತೇ ಬಂದಿದ್ದ! ಅಲ್ಲಿಂದಾಚೆ ಹಿಂದಿನ ಸಂಜೆ ಒಮ್ಮೆ, ಬೆಳಗ್ಗೆ ಒಮ್ಮೆ ನೀರು, ತುಂಬುವ ಹೊತ್ತಿಗೆ ಇಟ್ಟಿಗೆ ಒಳಗೆ ತಣ್ಣಗೆ, ಮೇಲೆ ಹೊಳಪಿಲ್ಲದ ಹಾಗೆ. ತುಂಬಿದ ಮೇಲೆ ಒದ್ದೆ ಗೋಣಿತಾಟು, ವಾರವಿಡೀ. ತಾಟು ಗೋಡೆಗೆ ಅಂಟದಂತೆ ಮೂರು ಬೆರಳು ದೂರ ಕಟ್ಟಿದೆ.

ಒಂದೇ ಸಲಕ್ಕೆ ಇಪ್ಪತ್ತೈದು ಮಿಲಿಮೀಟರ್ ತುಂಬಬೇಡಿ. ಆರೇಳು ಮಿಲಿಮೀಟರಿನ ಪದರ, ಹೆಬ್ಬೆರಳು ಒತ್ತಿದರೆ ಗುರುತಷ್ಟೇ ಬೀಳುವ ಹದಕ್ಕೆ ಬಂದ ಮೇಲೆ ಮುಂದಿನ ಪದರ. ಕಡೆಯ ಪದರ ಗಟ್ಟಿಯಾಗುತ್ತಿರುವಾಗ ಬಿರುಸು ಕೂದಲಿನ ಬ್ರಷ್‌ನಿಂದ ಬಡಿಯಬೇಕು, ಉಜ್ಜಬಾರದು. ಬಡಿದಾಗ ಮೇಲಿನ ಸುಣ್ಣದ ಕೆನೆ ಒಡೆದು ಮರಳಿನ ಕಾಳು ಕಾಣುತ್ತದೆ, ಗಾರೆ ಇಟ್ಟಿಗೆಯ ಅಂಚಿಗೆ ಒತ್ತಿಕೊಳ್ಳುತ್ತದೆ, ಸಣ್ಣ ಬಿರುಕು ಮುಚ್ಚುತ್ತದೆ. ಬಡಿಯುವ ಗಳಿಗೆ ತಪ್ಪಿದರೆ ಎಲ್ಲ ತಪ್ಪಿತು. ಬೇಗ ಬಡಿದರೆ ಕೆಸರು, ತಡವಾದರೆ ಕಲ್ಲು. ಆ ಗಳಿಗೆಯನ್ನು ನಾನು ಕಣ್ಣಿನಿಂದಲ್ಲ, ಶಬ್ದದಿಂದ ಹಿಡಿಯುತ್ತೇನೆ. ಮೂರನೇ ದಿನ ಇನ್ನೊಂದು ಸಣ್ಣ ಕೆಲಸವನ್ನೂ ಮಾಡುತ್ತೇನೆ, ಅದು ಇಲ್ಲಿ ಬೇಡ.

ದೊಡ್ಡ ಸೋಲು ಮೊದಲ ಬೇಸಿಗೆಯ ಕೊನೆಯದು. ಇನ್ನು ನಾಲ್ಕು ಚದರ ಮೀಟರ್ ಉಳಿದಿದೆ, ಹಗಲು ಹನ್ನೆರಡು ಡಿಗ್ರಿ ಇದೆ, ಮುಗಿಸಿಬಿಡೋಣ ಅಂತ ಹೊರಟೆ. ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯಿತು, ಬೆಳಗ್ಗೆ ಸಂದಿನ ಮೇಲೆ ಹಿಮದ ಸೂಜಿಗಳು. ಮಧ್ಯಾಹ್ನದ ಹೊತ್ತಿಗೆ ಮುಖ ಸಿಪ್ಪೆಯ ಹಾಗೆ ಎದ್ದಿತು. ನಾಲ್ಕೂ ಮೀಟರ್ ಕೆರೆದು, ಚಳಿಗಾಲ ಪೂರ್ತಿ ತಾಡಪಾಲು ಹೊದಿಸಿ, ಮರುವರ್ಷ ಮಾಡಿದೆ. ಈಗ ನನ್ನ ನಿಯಮ ಒಂದೇ: ಮೊದಲ ಹೆಪ್ಪುರಾತ್ರಿ ಬೀಳಬಹುದಾದ ದಿನಕ್ಕೆ ಆರು ವಾರ ಮುಂಚೆ ಕರಣೆ ತೊಳೆದಿಡುವುದು. ಐದು ಡಿಗ್ರಿಗಿಂತ ಕೆಳಗೆ ಕೆಲಸವಿಲ್ಲ, ಅದೂ ಗಾಳಿಯ ಶಾಖವಲ್ಲ, ಗೋಡೆಯದು. ಬಿಸಿಲು ಕಾಣದ ಉತ್ತರದ ಗೋಡೆ ನಡುಹಗಲಿನಲ್ಲೂ ಗಾಳಿಗಿಂತ ಮೂರ್ನಾಲ್ಕು ಡಿಗ್ರಿ ತಣ್ಣಗಿರುತ್ತಿತ್ತು.

ಆ ಚಳಿಗಾಲ ಕೈ ಸುಮ್ಮನಿರಲಿಲ್ಲ. ಉದುರಿದ ಇಟ್ಟಿಗೆಯ ತುಂಡುಗಳನ್ನು ಜೋಡಿ ಜೋಡಿಯಾಗಿ ಅಂಟಿಸಿದೆ, ಕೆಲವು ಸಿಮೆಂಟಿನಲ್ಲಿ, ಕೆಲವು 3.5ರಲ್ಲಿ, ಕೆಲವು ಬರೀ ಸುಣ್ಣಕ್ಕೆ ಸುರ್ಕಿ (ಕುಟ್ಟಿದ ಇಟ್ಟಿಗೆ ಪುಡಿ) ಬೆರೆಸಿ. ಎರಡು ತಿಂಗಳು ಒದ್ದೆಯಲ್ಲಿ ಇಟ್ಟು, ಆಮೇಲೆ ರಾತ್ರಿ ಫ್ರೀಜರ್, ಹಗಲು ನೀರಿನ ಬಕೆಟ್. ಮೂವತ್ತಕ್ಕೂ ಹೆಚ್ಚು ಸಲ ಮಾಡಿದೆ, ಫ್ರೀಜರ್‌ನಲ್ಲಿ ಇಟ್ಟಿಗೆ ಕಂಡು ಮನೆಯವಳು ನನ್ನ ಜೊತೆ ಒಂದು ದಿನ ಮಾತಾಡಲಿಲ್ಲ. ಸಿಮೆಂಟಿನ ಜೋಡಿಗಳಲ್ಲಿ ಗಾರೆ ಹಾಗೇ ಇತ್ತು, ಇಟ್ಟಿಗೆ ಅಂಚಿನಲ್ಲಿ ಸೀಳಿತು. ಸುಣ್ಣದವುಗಳಲ್ಲಿ ಗಾರೆಯ ಮೂಲೆ ಸವೆಯಿತು, ಇಟ್ಟಿಗೆಗೆ ಏನೂ ಆಗಲಿಲ್ಲ. ಸವೆಯುವುದಾದರೆ ಗಾರೆಯೇ ಸವೆಯಲಿ, ಅದನ್ನು ಮತ್ತೆ ತುಂಬಬಹುದು, ಈ ಇಟ್ಟಿಗೆಯನ್ನು ಸುಡುವವರು ಈಗ ಎಲ್ಲಿದ್ದಾರೆ? ಸುರ್ಕಿಯದು ಬಣ್ಣದಲ್ಲಿ ಎಲ್ಲಕ್ಕಿಂತ ಚೆಂದ, ಆದರೆ ಒಂದು ಸಲದ ಹಾಗೆ ಇನ್ನೊಂದು ಸಲ ಬರಲಿಲ್ಲ. ನುಣ್ಣಗೆ ಕುಟ್ಟಿದ್ದು ಗಟ್ಟಿಯಾಯಿತು, ತರಿಯಾಗಿದ್ದದ್ದು ಬರೀ ಮರಳಿನ ಕೆಲಸ ಮಾಡಿತು. ಆ ದಾರಿ ಬಿಟ್ಟೆ.

ಇನ್ನೊಂದು ಹೇಳದಿದ್ದರೆ ಮೋಸವಾಗುತ್ತದೆ. ಗೋಡೆ ಹಾಳಾದದ್ದರಲ್ಲಿ ದೊಡ್ಡ ಪಾಲು ಸೂರಿನ ತಗಡಿನ ದೋಣಿಯದು. ಒಂದು ಬೆಸುಗೆ ಬಿಟ್ಟು ವರ್ಷಗಟ್ಟಲೆ ಗೋಡೆಯ ಮೇಲೇ ನೀರು ಇಳಿದಿತ್ತು. ಅದನ್ನು ಸರಿಮಾಡಲು ತಗುಲಿದ್ದು ಒಂದು ಬೆಳಗು, ಪುಡಿಗಾಸು. ಗುತ್ತಿಗೆದಾರರೂ ಅದನ್ನು ನೋಡಿರಲಿಲ್ಲ, ಸಾರುವೆ ಏರಿ ಮೂಗು ತಾಗುವವರೆಗೆ ನಾನೂ ನೋಡಿರಲಿಲ್ಲ. ಮೇಲಿನಿಂದ ನೀರು ತಡೆಯುವ ಬಣ್ಣವಿಲ್ಲದ ಲೇಪ ಬಳಿಯಿರಿ ಅಂತ ಸಲಹೆ ಕೊಟ್ಟವರು ಮೂವರು. ಹೊರಗಿನ ನೀರು ತಡೆದರೂ ಒಳಗಿನದನ್ನು ಕೂಡಿಹಾಕುತ್ತದೆ, ನಾನು ಮುಟ್ಟಲಿಲ್ಲ.

ಹೋದ ತಿಂಗಳು ಭಾವಮೈದ ಬಂದಿದ್ದ. ಕೀಲಿಕೈ ತೆಗೆದು ಸಂದನ್ನು ಒಂದೆರಡು ಕಡೆ ಕೆರೆದು ನೋಡಿದ. ಏನೂ ಅನ್ನಲಿಲ್ಲ. ಹೊರಡುವಾಗ ಕಾರಿನ ಹತ್ತಿರ ನಿಂತು, "ಭಾವ, ಆ ಐದನೇ ಚೀಲ ಅರ್ಧ ಉಳಿದಿದೆ ಅಂದ್ರಲ್ಲ, ನಮ್ಮ ಹೊಗೆಕೊಳವೆಗೆ ಸಾಕಾಗುತ್ತಾ?" ಅಂದ. ತೆರೆದಿಟ್ಟ ಸುಣ್ಣ ವರ್ಷ ಕಳೆದರೆ ಸತ್ತಿರುತ್ತದೆ, ಹೊಸದು ತರಿಸು, ಮಾಡಿನ ಮೇಲೆ ನಾಲ್ಕೂ ಕಡೆಯಿಂದ ಗಾಳಿಮಳೆ, ಹಾಗಾಗಿ ಅದಕ್ಕೆ 3.5 ಸಾಲದು, 5 ನೋಡು ಅಂದೆ. ಮರಳಿನ ಅಳತೆ ಕೇಳಿದ. ಸಾರುವೆ ಕಟ್ಟಿದ ಮೇಲೆ ಫೋನ್ ಮಾಡು ಅಂದಿದ್ದೇನೆ.